ಭಾನುವಾರದ ನೀರು

ಕುಸುಮಳಿಗೆ ವಾರಗಿತ್ತಿಯ ಮೇಲೆ ಹೊಟ್ಟೆಯುರಿ. ಒಡವೆ, ಸೀರೆಯ ಮಾತಾಗಿದ್ದರೆ ನುಂಗಿಕೊಂಡಿರುತ್ತಿದ್ದಳೇನೋ. ಇದು ಹೆತ್ತ ಮಗಳ ಮಾತು. ಮೈದುನನ ಹೆಂಡತಿ ಅಮೃತ ಮಳವಳ್ಳಿ ಕಡೆಯಿಂದ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿಲ್ಲ, ಪಕ್ಕದ ಬಾಗಿಲಲ್ಲೇ ಸಂಸಾರ. ಕುಸುಮಳ ಮಗಳು ಚಂದನ ಪಿಯುಸಿ ಓದುವ ಹುಡುಗಿ. ಬೆಸಗರಹಳ್ಳಿಯಲ್ಲಿ ಬಸ್ಸು ಹತ್ತಿ ಮದ್ದೂರಿಗೆ ಕಾಲೇಜಿಗೆ ಹೋಗಿಬರುವವಳು. ಸಂಜೆ ಮನೆಗೆ ಬಂದವಳೇ ಬ್ಯಾಗು ಬಿಸಾಕಿ ಮೊದಲು ಓಡುವುದು ಬಚ್ಚಲಿಗೆ, ಅಲ್ಲಿಂದ ನೆಟ್ಟಗೆ ಚಿಕ್ಕವ್ವನ ಮನೆಗೆ. ಅವ್ವನ ಪಾಲಿಗೆ ಉಳಿಯುತ್ತಿದ್ದದ್ದು 'ಊಂ', ಇಲ್ಲವೇ 'ಬ್ಯಾಡ'.

ಗೋಡೆಯಾಚೆ ಪಿಸಪಿಸ ಶುರುವಾದರೆ ಸಾಕು, ಈಚೆ ಕುಸುಮಳ ಕೈಯಲ್ಲಿ ಪಾತ್ರೆಗಳು ಧಡಬಡ ಸದ್ದು ಮಾಡತೊಡಗುತ್ತಿದ್ದವು. ಅದೇನು ಮಂಕುಬೂದಿ ಎರಚಿದ್ದಾಳೋ ಆ ಮಳವಳ್ಳಿಯವಳು! ನೋಡಿದರೆ ಬಾಯಲ್ಲಿ ಮಾತೇ ಇಲ್ಲ. ಸೊಪ್ಪು ಬಿಡಿಸುತ್ತಾ ತಲೆಯಾಡಿಸುತ್ತಾಳೆ, ಅಷ್ಟೇ. ತಲೆಯಾಡಿಸುವುದಕ್ಕೆ ಇಷ್ಟೊಂದು ಬೆಲೆಯೇ? ಹೊತ್ತು ಹೆತ್ತವಳು ಕುಸುಮ, ಜ್ವರ ಬಂದಾಗ ನಿದ್ದೆಗೆಟ್ಟವಳು ಕುಸುಮ, ಗುಟ್ಟು ಕೇಳುವ ಭಾಗ್ಯ ಮಾತ್ರ ನಿನ್ನೆ ಮೊನ್ನೆ ಬಂದವಳಿಗೆ. ಗಂಡ ಪುಟ್ಟಸ್ವಾಮಿಗೆ ಹೇಳಿಕೊಂಡರೆ ಅವನು, "ಇಬ್ರೂ ನಮ್ಮನೆಯೋರೇ ಅಲ್ವೇನೆ, ಮಾತಾಡ್ಕಳ್ಳಿ ಬುಡು" ಎಂದು ಟವೆಲ್ಲು ಕೊಡವಿ ಗದ್ದೆ ಕಡೆ ಹೊರಟುಬಿಟ್ಟ.

ಹಾಗೆ ನೋಡಿದರೆ ಚಂದನ ಮೊದಲು ಬಂದದ್ದು ಅವ್ವನ ಹತ್ತಿರವೇ. ಒಂದು ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಅವ್ವ, ಒಂದಕ್ಕೋದ್ರೆ ಉರೀತದೆ" ಅಂದಿದ್ದಳು. ಮುದ್ದೆ ತಿರುವುತ್ತಿದ್ದ ಕುಸುಮ ತಲೆಯೆತ್ತದೆ, "ಬುಡು ಮಗ, ಉಷ್ಣ ಕಣೆ. ಎಳ್ನೀರು ಕುಡುದ್ರೆ ಓಯ್ತದೆ" ಅಂದಳು. ಅವಳ ಮಟ್ಟಿಗೆ ಅದು ಸಮಾಧಾನದ ಮಾತು. ಚಿಕ್ಕಂದಿನಲ್ಲಿ ತಾನು ಬಿದ್ದು ಮಂಡಿ ತರಚಿಕೊಂಡಾಗ ತನ್ನವ್ವ 'ಬುಡು ಮಗ' ಅಂದರೆ ಅರ್ಧ ನೋವು ಅಲ್ಲೇ ಇಳಿಯುತ್ತಿತ್ತು.

ಅಂದಿನಿಂದ ದಿನಾ ಬೆಳಿಗ್ಗೆ ಎಳನೀರು. ಮದ್ದೂರು ಸೀಮೆಯಲ್ಲಿ ಅದಕ್ಕೇನು ಬರ! ಚಂದನ ಒಂದು ಗುಟುಕು ಕುಡಿದು ಲೋಟ ಇಡುತ್ತಿದ್ದಳು. ಬಯ್ದು ಪೂರ್ತಿ ಕುಡಿಸಿದರೆ ಕಣ್ಣಲ್ಲಿ ನೀರು. ಒಂದು ದಿನ ಮಗಳು ಲೋಟದ ಎಳನೀರನ್ನು ಕದ್ದು ದಾಸವಾಳದ ಬುಡಕ್ಕೆ ಸುರಿಯುತ್ತಿದ್ದದ್ದನ್ನು ಕುಸುಮ ಕಿಟಕಿಯಿಂದ ಕಂಡಳು. ಅವಳಿಗೆ ಅಳುವೇ ಬಂತು. ಇದೂ ಅಮೃತಳ ಪಾಠವೇ ಎಂದು ತೀರ್ಮಾನಿಸಿದಳು.

ಆ ಭಾನುವಾರ ಮಗಳನ್ನು ಊಟಕ್ಕೆ ಕರೆಯಲು ಪಕ್ಕದ ಬಾಗಿಲಿಗೆ ಹೋದರೆ, ಚಂದನ ಜಗುಲಿಯ ಮೇಲೆ ಕೂತು ಚೊಂಬು ಎತ್ತಿ ಗಟಗಟ ನೀರು ಕುಡಿಯುತ್ತಿದ್ದಾಳೆ. ಪಕ್ಕದಲ್ಲಿ ಅಮೃತ ಇನ್ನೊಂದು ಚೊಂಬು ಹಿಡಿದು ನಿಂತಿದ್ದಾಳೆ. ಕುಸುಮಳಿಗೆ ಪಿತ್ತ ನೆತ್ತಿಗೇರಿತು.

"ಓಹೋ! ನಾನ್ ಕೊಟ್ರೆ ವಿಸ, ಇವಳ್ ಕೊಟ್ರೆ ಅಮೃತವಾ? ಎಸರಿಗ್ ತಕ್ಕಂಗೇ ಅವ್ಳೆ!"

"ಅಕ್ಕ, ಒಸಿ ಕೇಳಕ್ಕ..." ಎಂದಳು ಅಮೃತ.

"ನೀನ್ ಬಾಯ್ಮುಚ್ಚು. ನನ್ ಮಗಳ್ನ ನನ್ನಿಂದ ಕಿತ್ಕೊಂಡ್ಬುಟ್ಟೆ."

ಚಂದನ ಚೊಂಬು ಕೆಳಗಿಟ್ಟಳು. "ಅವ್ವ, ಇವತ್ತು ಬಾನ್ವಾರ ಕಣವ್ವ."

"ಬಾನ್ವಾರ ಆದ್ರೆ?"

"ಕಾಲೇಜಿಲ್ಲ. ನೀರು ಕುಡೀಬೋದು."

ಕುಸುಮಳಿಗೆ ತಲೆಬುಡ ತಿಳಿಯಲಿಲ್ಲ. ಚಂದನಳೇ ಹೇಳಿದಳು. "ಕಾಲೇಜಲ್ಲಿ ಟಾಯ್ಲೆಟ್ ಬಾಗ್ಲಿಗೆ ಚಿಲ್ಕ ಇಲ್ಲ. ಸಂಜೆಗಂಟ ತಡ್ಕಬೇಕು. ಅದ್ಕೇ ನೀರೇ ಕುಡಿಯಕಿಲ್ಲ ನಾನು. ನೀನು ಎಳ್ನೀರು ಕುಡ್ಸಿ ಬಸ್ಸತ್ತುಸ್ತೀಯ. ಮದ್ದೂರು ಬರೋ ಒತ್ಗೇ ಜೀವ ಓದಂಗಾಯ್ತದೆ."

"ನಂಗ್ಯಾಕೆ ಏಳ್ನಿಲ್ಲ?"

"ಏಳಕ್ಕೇ ಬಂದೆ. ಬುಡು ಅಂದ್ಬುಟ್ಟೆ. ನೀನು ಬುಡು ಅಂದ್ಮೇಲೆ ಇನ್ನೇನವ್ವ ಏಳದು?"

ಕುಸುಮಳ ನಾಲಿಗೆ ತುದಿಗೆ ಆಗಲೂ ಬಂದಿದ್ದದ್ದು ಅದೇ 'ಬುಡು ಮಗ'. ತುಟಿ ಕಚ್ಚಿ ತಡೆದುಕೊಂಡಳು. ತಾನೇ ಕೈಯಾರೆ ಮಗಳಿಗೆ ಹಿಂಸೆ ಕೊಟ್ಟೆನಲ್ಲ ಎಂದು ನಾಚಿಕೆಯಾಯಿತು. ಹಾಗಂತ ಹೊಟ್ಟೆಯುರಿ ಆರಿತೇ? ಎಲ್ಲಿಯ ಮಾತು! ಇದೆಲ್ಲ ಅಮೃತಳಿಗೆ ಮೊದಲೇ ಗೊತ್ತಿತ್ತಲ್ಲ.

ಮರುದಿನ ಮೂವರೂ ಮದ್ದೂರಿನ ಆಸ್ಪತ್ರೆಗೆ ಹೋದರು. ಜೊತೆಯಲ್ಲಿ ಒಬ್ಬರು ಮಾತ್ರ ಒಳಗೆ ಬನ್ನಿ ಎಂದರು ನರ್ಸಮ್ಮ. ಕುಸುಮ ಸೆರಗು ಸರಿಮಾಡಿಕೊಂಡು ಎದ್ದಳು. ಚಂದನ ನೆಲ ನೋಡುತ್ತಾ, "ಚಿಕ್ಕವ್ವ ಬರ್ಲಿ" ಅಂದಳು.

ಕುಸುಮ ಕೂತುಬಿಟ್ಟಳು. ಮುಚ್ಚಿದ ಬಾಗಿಲನ್ನು ಒದ್ದು ಒಳಗೆ ಹೋಗಬೇಕೆನಿಸಿತು. ಅಮೃತಳಿಗೆ ಒಂದು ಹೆಣ್ಣು ಹುಟ್ಟಲಿ, ಅದೂ ಹೀಗೇ ಬೇರೆಯವರ ಬೆನ್ನು ಹತ್ತಲಿ ಎಂದು ಮನಸ್ಸಿನಲ್ಲೇ ಶಾಪ ಹಾಕಿದಳು. ಹಾಕಿದ ಮೇಲೆ ಹೆದರಿಕೆಯಾಗಿ ಕೆನ್ನೆ ಬಡಿದುಕೊಂಡಳು.

ಮಾತ್ರೆ ಬರೆದುಕೊಟ್ಟ ಡಾಕ್ಟರು, ನೀರು ಚೆನ್ನಾಗಿ ಕುಡಿಯಬೇಕು, ತಡೆದುಕೊಳ್ಳಲೇಬಾರದು ಎಂದಿದ್ದರಂತೆ. ಬಸ್‌ಸ್ಟ್ಯಾಂಡಿನಲ್ಲಿ ಕುಸುಮ ಮಗಳಿಗೆ, "ನಾಳೆ ನಾನೇ ಕಾಲೇಜಿಗೆ ಬತ್ತೀನಿ. ಚಿಲ್ಕ ಆಕ್ಸದೆ ಬುಡಕಿಲ್ಲ" ಅಂದಳು. ಚಂದನ ಮಾತ್ರೆಯ ಪೊಟ್ಟಣ ತಿರುವುತ್ತಾ ಕೂತಳು. ಬೇರೆ ದಿನವಾಗಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅವತ್ತು ಕುಸುಮ ಸುಮ್ಮನೆ ಕಾದಳು. ಬೆಸಗರಹಳ್ಳಿ ಬಸ್ಸು ಬಂತು, ಅಮೃತ ಎದ್ದಳು, ಕುಸುಮ ಏಳಲಿಲ್ಲ.

"ಚಿಲ್ಕ ಮೊದ್ಲೂ ಇರ್ನಿಲ್ಲ ಕಣವ್ವ," ಎಂದಳು ಚಂದನ, ಕೊನೆಗೆ. "ಆಗ ಮಂಜುಶ್ರೀ ಬಾಗ್ಲು ಇಡ್ಕೊಂಡು ನಿಂತ್ಕತಿದ್ಲು, ಅವಳಿಗೆ ನಾನು. ಈಗ ಅವಳಿಗೆ ಬ್ಯಾರೆ ಫ್ರೆಂಡ್ಸ್ ಸಿಕ್ಕವ್ರೆ. ನನ್ ಕಂಡ್ರೆ ಮಕ ತಿರುಗುಸ್ತಾಳೆ. ಬಾಗ್ಲು ಇಡ್ಕೊ ಅಂತ ಯಾರನ್ನ ಕೇಳ್ಲವ್ವ?"

ಅಮೃತ ಬೆರಗಾಗಿ ಹುಡುಗಿಯನ್ನೇ ನೋಡಿದಳು. ಈ ಮಾತು ಅವಳಿಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿಲ್ಲದ ಒಂದು ಮಾತಿಗಾಗಿ ಕುಸುಮ ಇಷ್ಟು ದಿನ ಹಂಬಲಿಸಿದ್ದಳು. ಕೊನೆಗೂ ಸಿಕ್ಕಿತು, ಆದರೆ ಗೆದ್ದ ಖುಷಿಯೇ ಆಗಲಿಲ್ಲ. ಮಗಳ ಕೈಯನ್ನು ಮಡಿಲಿಗೆಳೆದುಕೊಂಡು ಕೂತಳು. ತನ್ನವಳನ್ನು ಇನ್ಯಾರೋ ಕಿತ್ತುಕೊಂಡರೆ ಎಷ್ಟು ಉರಿಯುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.