ನನ್ನ ನಾಲ್ಕನೆಯ ಸಾಲು

ನಾನು ಒಂದು ಕಡತ. ಗದಗಿನ ರಕ್ತದಾನಿಗಳ ಸಂಘವೊಂದಕ್ಕೆ ತಂತ್ರಾಂಶ ಬರೆದ ವಿರೂಪಾಕ್ಷ, ಅದನ್ನು ಹೊಸಬರಿಗೆ ಪರಿಚಯಿಸಲೆಂದು ಕೊನೆಯಲ್ಲಿ ನನ್ನನ್ನು ಬರೆದ. ರೀಡ್‌ಮಿ, ಅಂದರೆ ‘ನನ್ನನ್ನು ಓದು’, ಎಂದು ಹೆಸರಿಟ್ಟ. ಊಟಕ್ಕೆ ಏಳುವ ಅವಸರದಲ್ಲಿ ಹನ್ನೊಂದೇ ಸಾಲಿಗೆ ಮುಗಿಸಿದ.

ನಾಲ್ಕನೆಯ ಸಾಲಿನಲ್ಲಿ ಯಂತ್ರಕ್ಕೆ ಕೊಡುವ ಒಂದು ಆಜ್ಞೆ. ‘ಇದನ್ನು ಕೊಟ್ಟು ಸಿದ್ಧಪಡಿಸಿ’ ಎಂದಷ್ಟೇ ಬರೆದಿದ್ದ. ಅದು ಯಂತ್ರದಲ್ಲಿದ್ದ ಹೆಸರುಗಳನ್ನೆಲ್ಲ ಅಳಿಸಿಯೇ ಶುರುವಾಗುತ್ತದೆ ಎಂದು ಬರೆಯಲಿಲ್ಲ. ಅವನಿಗೆ ಗೊತ್ತಿತ್ತಲ್ಲ! ಅಂದಿನಿಂದ ಆ ಸಾಲನ್ನು ಹೊಟ್ಟೆಯಲ್ಲಿಟ್ಟುಕೊಂಡು ನಡುಗುತ್ತಿದ್ದೆ. ಯಾರಾದರೂ ನನ್ನನ್ನು ತೆರೆದರೆ ಸಾಕು, ಜೀವ ಹಾರುತ್ತಿತ್ತು.

ವಿರೂಪಾಕ್ಷ ಬೇರೆ ಕೆಲಸ ಹಿಡಿದ ಮೇಲೆ ಅವನ ಜಾಗಕ್ಕೆ ಬಂದ ದಾನೇಶನ ಕೈಗೆ ಬಂದೆ. ಒಂದು ಮಧ್ಯಾಹ್ನ ಅವನು ಕಚೇರಿಯ ಹಳೆಯ ಯಂತ್ರಕ್ಕೆ ತಂತ್ರಾಂಶದ ಹೊಸ ರೂಪ ಹಾಕಲು ಕುಳಿತ. ಎರಡು ಸಾವಿರದ ಮುನ್ನೂರು ದಾನಿಗಳ ಯಾದಿ ಇದ್ದದ್ದು ಅದೊಂದರಲ್ಲೇ. ಅಪರೂಪದ ಗುಂಪಿನ ರಕ್ತದವರ ಫೋನ್ ನಂಬರುಗಳೂ ಅಲ್ಲೇ. ಅವನು ನನ್ನನ್ನು ಸಾಲು ಸಾಲಾಗಿ ಪಾಲಿಸುತ್ತ ಬಂದ. ಒಂದು, ಎರಡು, ಮೂರು.

ಪಕ್ಕದಲ್ಲಿ ಶಿವಲೀಲಾ ಇದ್ದಳು. ಎಂಟನೆಯ ಇಯತ್ತೆಗೇ ಶಾಲೆ ಬಿಟ್ಟವಳು, ದಾನಿಗಳಿಗೆ ಫೋನ್ ಮಾಡುವುದು ಅವಳ ಕೆಲಸ. ತಲೆ ಎತ್ತಿ ಮಾತಾಡುವುದು ಕಡಿಮೆ. ಆ ದಿನ ಅವಳ ಕಣ್ಣು ಪರದೆಯ ಮೇಲಿತ್ತು.

“ಅಣ್ಣಾರ, ತಡೀರಿ,” ಎಂದಳು. ದನಿ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣದು.

“ಯಾಕ್ರೀ?”

“ವಿರೂಪಾಕ್ಷಣ್ಣಾರು ಆ ಕಡೀ ಟೇಬಲ್ ಮ್ಯಾಲಿನ ಮಷೀನ್ದಾಗ ಈ ಸಾಲು ಕೊಟ್ಟಾಗ ಹೆಸರು ಹೋಗಿದ್ವು.”

“ಅದು ಹೊಸಾ ಮಷೀನ್ ಅಲ್ಲೇನ್ರೀ, ಖಾಲೀನೇ ಇರತೈತಿ.”

“ಇಲ್ರೀ. ಆವತ್ತು ಮುಂಜಾನೆ ನಾನ ನಾಕು ಹೆಸರು ಹಾಕಿದ್ದೆ. ವಿರೂಪಾಕ್ಷಣ್ಣಾರು ಸಂಜೀಕ ಇದನ್ನ ಮತ್ತೊಮ್ಮೆ ಕೊಟ್ರು. ಅವೂ ಹೋದೂ.”

ದಾನೇಶ ಆ ಆಜ್ಞೆಯ ಒಳಗಿನ ಬರಹ ತೆಗೆದು ನೋಡಿದ; ಅದರ ಮೊದಲ ಕೆಲಸವೇ ಅಳಿಸುವುದು. ಕೀಲಿಮಣೆಯಿಂದ ಕೈ ತೆಗೆದು ತೊಡೆಗೆ ಒರೆಸಿಕೊಂಡ.

“ಡಿಗ್ರಿ ಮಾಡಿದಾವ ನಾನು, ಓದಿದಾಕಿ ನೀವು,” ಎಂದ. “ಈ ಸಾಲಿನ ಕೆಳಗ ಅದನ್ನ ನೀವ ಬರೀರಿ.”

“ನನಗ ಬರಾಂಗಿಲ್ರೀ.”

“ನನಗ ಈಗ ಹೇಳಿದಾಂಗ ಬರೀರಿ, ಸಾಕು.”

ಅವಳು ಒಂದೊಂದೇ ಅಕ್ಷರ ಒತ್ತಿದಳು: ‘ಹೆಸರು ಇರುವ ಯಂತ್ರದಲ್ಲಿ ಇದನ್ನು ಮಾಡಬೇಡಿ. ಎಲ್ಲ ಅಳಿಸಿಹೋಗುತ್ತವೆ.’

ಈಗ ಸಂಘಕ್ಕೆ ಬೇರೆ ತಂತ್ರಾಂಶ ಬಂದಿದೆ. ನಾನು ಹಳೆಯ ಕಡತಗಳ ನಡುವೆ ಬಿದ್ದಿದ್ದೇನೆ, ಯಾರೂ ತೆರೆಯುವುದಿಲ್ಲ. ನಾಲ್ಕನೆಯ ಸಾಲಿನ ಭಯ ಹೋಗಿದೆ. ಆದರೆ ಉಳಿದ ಹತ್ತು ಸಾಲುಗಳನ್ನೂ ಬರೆದವನು ವಿರೂಪಾಕ್ಷನೇ. ಅವುಗಳಲ್ಲಿ ಏನೇನು ಬರೆಯದೆ ಬಿಟ್ಟಿದ್ದಾನೋ, ನನಗೂ ಗೊತ್ತಿಲ್ಲ.