ಮೇಸ್ತ್ರಿಗೆ ಉಳಿದ ಮಾತು

ಪಾರ್ಶ್ವವಾಯು ಹೊಡೆದ ಮೇಲೆ ಮೇಸ್ತ್ರಿಯ ಬಾಯಲ್ಲಿ ಉಳಿದದ್ದು ಒಂದೇ ಮಾತು: ‘ಆಯ್ತು’. ನೀರು ಬೇಕಾದರೂ ಆಯ್ತು, ಬೇಡವಾದರೂ ಆಯ್ತು. ಸೊಳ್ಳೆ ಕಚ್ಚಿದರೂ ಆಯ್ತು. ಒಳಗೆ ಮಾತುಗಳೆಲ್ಲ ಸಾಲಾಗಿ ನಿಂತಿರುತ್ತಿದ್ದವು, ಆದರೆ ಬಾಗಿಲು ದಾಟಿ ಬರುವಾಗ ಎಲ್ಲವೂ ಅದೇ ಒಂದು ಮಾತಾಗಿ ಬೀಳುತ್ತಿದ್ದವು. ತಲೆ ಅಲ್ಲಾಡಿಸಿ ಹೇಳೋಣವೆಂದರೆ ಅದೂ ತಿರುವುಮುರುವು. ಬೇಡವೆನ್ನಲು ಹೋದರೆ ತಲೆ ತಾನಾಗಿ ಮೇಲೆ ಕೆಳಗೆ ಆಡುತ್ತಿತ್ತು. ಮೊದಲ ತಿಂಗಳು ಮಗಳು ಅದನ್ನು ನಂಬಿ, ಹೊಟ್ಟೆ ತುಂಬಿದವನಿಗೆ ಮತ್ತೆ ಮತ್ತೆ ಬಡಿಸಿ, ಆಮೇಲೆ ವಾಂತಿ ಬಳಿದು, ತಲೆಯನ್ನು ನಂಬುವುದನ್ನು ಬಿಟ್ಟಳು. ಬಲಗೈ ಮಡಿಲಲ್ಲಿ ಯಾರದೋ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು. ಬಲಗಾಲನ್ನು ಎಳೆದುಕೊಂಡು, ಎಡಗೈಯಲ್ಲಿ ಕೋಲು ಹಿಡಿದು, ಹಾಸಿಗೆಯಿಂದ ಜಗಲಿಯ ಕುರ್ಚಿಗೆ ಬರುವಷ್ಟು ಮಾತ್ರ ನಡಿಗೆ.

ಮೂವತ್ತೈದು ವರ್ಷ ಕಾರು ರಿಪೇರಿ ಮಾಡಿದ ಮನುಷ್ಯ. ಬೀದಿ ಕೊನೆಯಲ್ಲಿ ಅವನ ಗ್ಯಾರೇಜು ಇದ್ದಾಗ ಅವನ ಬೈಗುಳ ಮೂರು ಮನೆ ಆಚೆಗೂ ಕೇಳಿಸುತ್ತಿತ್ತು. ಕೈಗೆ ವಾಚು ಕಟ್ಟಿಕೊಂಡು ಬ್ಯಾಟರಿಗೆ ಕೈ ಹಾಕಿದರೆ ಬೈಗುಳ. ಬಿಸಿ ರೇಡಿಯೇಟರಿನ ಮುಚ್ಚಳ ಮುಟ್ಟಿದರೆ ಬೈಗುಳ. ಬರೀ ಜಾಕ್ ಕೊಟ್ಟು ಕಾರಿನಡಿ ತಲೆ ಹಾಕಿದವನನ್ನಂತೂ ಕಾಲು ಹಿಡಿದು ಆಚೆಗೆ ಎಳೆಯುತ್ತಿದ್ದ. ಅಷ್ಟು ವರ್ಷದಲ್ಲಿ ಅವನ ಗ್ಯಾರೇಜಿನಲ್ಲಿ ಒಬ್ಬನ ಉಗುರೂ ಹಾರಿರಲಿಲ್ಲ. ಬೇರೆ ಯಾವುದಕ್ಕೂ ಜಂಬಪಡದವನು ಅದೊಂದಕ್ಕೆ ಪಡುತ್ತಿದ್ದ.

ಅಳಿಯ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಇರುವೆಗೂ ದಾರಿ ಬಿಟ್ಟು ನಡೆಯುವ ಸ್ವಭಾವ. ಮಾವ ಇಡೀ ದಿನ ಗೋಡೆ ನೋಡುತ್ತ ಕೂರುವುದು ಅವನಿಗೆ ಸಂಕಟ. ಒಂದು ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಹೆಂಡತಿಗೆ ಹೇಳಿದ:

“ಕಾರಿನ ಆಯಿಲ್ ನಾನೇ ಬದಲಾಯಿಸ್ತೀನಿ ಕಣೇ. ಮಾವನ ಎದುರಿಗೇ ಮಾಡ್ತೀನಿ. ಅವರಿಗೂ ಸ್ವಲ್ಪ ಬೇಜಾರು ಕಳೆಯುತ್ತೆ.”

“ನಿಮಗೆ ಬರುತ್ತಾ?”

“ನಾಲ್ಕು ವಿಡಿಯೋ ನೋಡಿದ್ದೀನಿ. ಇನ್ನೇನು, ಮನೇಲೇ ಮೇಸ್ತ್ರಿ ಇದ್ದಾರಲ್ಲ.”

ಮೇಸ್ತ್ರಿಗೆ ನಿಜಕ್ಕೂ ಖುಷಿಯಾಯಿತು. ಅಳಿಯ ಕುರ್ಚಿಯನ್ನು ಅಂಗಳದ ಕಡೆ ತಿರುಗಿಸಿ, ಬೆನ್ನಿಗೆ ದಿಂಬು ಕೊಟ್ಟ. ಕಾರನ್ನು ಹಿಂದಕ್ಕೆ ತಂದು, ಮೂತಿ ಜಗಲಿಯ ಕಡೆ ಇರುವಂತೆ ನಿಲ್ಲಿಸಿದ. ಆಯಿಲ್ ಬಿಸಿಯಿದ್ದರೆ ಚೆನ್ನಾಗಿ ಇಳಿಯುತ್ತದೆ ಎಂದು ಇಂಜಿನನ್ನು ಸ್ವಲ್ಪ ಹೊತ್ತು ಓಡಿಸಿ ಆರಿಸಿದ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಡಿಕ್ಕಿಯಿಂದ ಕಾರಿನ ಜೊತೆ ಬಂದಿದ್ದ ಚಿಕ್ಕ ಜಾಕ್ ತೆಗೆದು ಮುಂದಿನ ಚಕ್ರದ ಹಿಂದೆ, ಬರೀ ಮಣ್ಣಿನ ಮೇಲೆ ಇಟ್ಟ.

ಬೆಳಿಗ್ಗೆಯಷ್ಟೇ ಗಿಡಗಳಿಗೆ ನೀರು ಬಿಟ್ಟಿದ್ದ ಮಣ್ಣು ಅದು. ಅಂಗಳ ಗೇಟಿನ ಕಡೆ ಇಳಿಜಾರು. ಹ್ಯಾಂಡ್ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲವೆಂದು ಮಗಳು ಹೋದ ವಾರ ಗೊಣಗಿದ್ದಳು. ಗೇರ್ ಹಾಕಿರಲಿಲ್ಲ, ಚಕ್ರಕ್ಕೆ ಕಲ್ಲು ಕೊಟ್ಟಿರಲಿಲ್ಲ. ಮೇಸ್ತ್ರಿ ಇದನ್ನೆಲ್ಲ ಒಂದೇ ನೋಟದಲ್ಲಿ ನೋಡಿಬಿಟ್ಟ.

“ಆಯ್ತು,” ಎಂದ.

“ಆಯ್ತಾ ಮಾವ? ಜಾಕ್ ಇಟ್ಟಿರೋದು ಸರಿಯಾಗಿದೆ ತಾನೇ?”

“ಆಯ್ತು! ಆಯ್ತು!” ಮೇಸ್ತ್ರಿ ಎಡಗೈಯಲ್ಲಿ ಕೋಲೆತ್ತಿ ಹಿಂದಿನ ಚಕ್ರ ತೋರಿಸಿದ. ತಲೆ ಜೋರಾಗಿ ಮೇಲೆ ಕೆಳಗೆ ಆಡಿತು.

ಅಳಿಯ ನಕ್ಕ. ಪರೀಕ್ಷೆಯಲ್ಲಿ ಪಾಸಾದವನ ನಗು. ಹ್ಯಾಂಡಲ್ ತಿರುಗಿಸುತ್ತ ಹೋದ. ಚಕ್ರ ನೆಲ ಬಿಟ್ಟು ಗೇಣುದ್ದ ಮೇಲೆದ್ದಿತು.

ಮೇಸ್ತ್ರಿ ಈ ಸಲ ಕೋಲನ್ನು ಡಿಕ್ಕಿಯ ಕಡೆ ಚಾಚಿದ. ಅಲ್ಲಿ ಸ್ಟೆಪ್ನಿ ಇತ್ತು. ಆ ಚಕ್ರವನ್ನಾದರೂ ಕಾರಿನಡಿ ಅಡ್ಡ ಮಲಗಿಸಿದರೆ, ಜಾಕ್ ಕೈಕೊಟ್ಟರೂ ಕಾರು ಪೂರ್ತಿ ಕೆಳಗಿಳಿಯುವುದಿಲ್ಲ. ಅಳಿಯ ಕೋಲು ತೋರಿಸಿದತ್ತ ನೋಡಿ, ಡಿಕ್ಕಿ ತೆರೆದು, ಒಳಗೆಲ್ಲ ಕಣ್ಣಾಡಿಸಿದ. ಛತ್ರಿ ಕಾಣಿಸಿತು.

“ಅಯ್ಯೋ, ಬಿಸಿಲು ಬೀಳ್ತಿದೆಯಾ ಮಾವ? ನಾನು ಗಮನಿಸಲೇ ಇಲ್ಲ ನೋಡಿ.”

ಛತ್ರಿ ಬಿಚ್ಚಿ, ಕುರ್ಚಿಯ ತೋಳಿಗೆ ಹಗ್ಗದಿಂದ ಕಟ್ಟಿ, ಮಾವನ ಮುಖದ ಮೇಲೆ ನೆರಳು ಬಿದ್ದಿದೆಯೇ ಎಂದು ಎರಡು ಕಡೆಯಿಂದಲೂ ನೋಡಿ ಹೋದ. ಮೇಸ್ತ್ರಿ ಅವನ ಅಂಗಿಯ ತುದಿ ಹಿಡಿದುಕೊಂಡ. ಅಳಿಯ ಆ ಬೆರಳುಗಳನ್ನು ಒಂದೊಂದಾಗಿ ಪ್ರೀತಿಯಿಂದ ಬಿಡಿಸಿದ.

“ಹತ್ತೇ ನಿಮಿಷ ಮಾವ. ಇಲ್ಲೇ ಇರ್ತೀನಿ, ಎಲ್ಲೂ ಹೋಗಲ್ಲ.”

ಅವನು ಗೋಣಿಚೀಲ ಹಾಸಿ, ಬೆನ್ನ ಮೇಲೆ ಮಲಗಿ, ಭುಜದವರೆಗೆ ಕಾರಿನಡಿ ಸರಿದ. ಸ್ಪ್ಯಾನರ್ ಆಯಿಲ್ ಇಳಿಸುವ ಬೋಲ್ಟಿಗೆ ತಾಗಿದ ಸದ್ದು ಕೇಳಿಸಿತು. ಬೋಲ್ಟು ಬಿಗಿಯಾಗಿತ್ತು. ಅಳಿಯ ಉಸಿರು ಕಟ್ಟಿ ಎಳೆದ. ಕಾರು ಒಂದು ಸಲ ತೂಗಿತು.

ಜಾಕಿನ ಒಂದು ಅಂಚು ಮಣ್ಣಿನಲ್ಲಿ ಬೆರಳಿನಷ್ಟು ಇಳಿದದ್ದು ಮೇಸ್ತ್ರಿಗೆ ಅಷ್ಟು ದೂರದಿಂದಲೂ ಕಂಡಿತು.

ಅವನು ಒಳಗೆ ತಿರುಗಿ ಮಗಳನ್ನು ಕೂಗಿದ. ಅವನ ಮನಸ್ಸಿನಲ್ಲಿ ಇದ್ದದ್ದು ಅವಳ ಹೆಸರು. ಬಂದದ್ದು “ಆಯ್ತೂ!”

ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಮಗಳು ಅಲ್ಲಿಂದಲೇ, “ಆಯ್ತಪ್ಪ, ಬಂದೆ, ಇನ್ನೆರಡು ಬಟ್ಟೆ,” ಎಂದಳು.

ಮೇಸ್ತ್ರಿ ಕೋಲೂರಿ ಎದ್ದ. ಛತ್ರಿ ತಲೆಗೆ ಸಿಕ್ಕಿಕೊಂಡಿತು, ಅದನ್ನು ಮುರಿದುಕೊಂಡೇ ಎದ್ದ. ಜಗಲಿಗೆ ಎರಡು ಮೆಟ್ಟಿಲು. ಯಾರೂ ಹಿಡಿಯದೆ ಅವನು ಅವುಗಳನ್ನು ಇಳಿದು ಎಂಟು ತಿಂಗಳಾಗಿತ್ತು. ಕುಳಿತು, ಜಾರಿಕೊಂಡು ಇಳಿದ. ಗಿಡಗಳ ಪಾತಿಯ ಸುತ್ತ ಇಟ್ಟಿಗೆ ನಿಲ್ಲಿಸಿದ್ದರು. ಒಂದು ಇಟ್ಟಿಗೆಯನ್ನು ಹಿಂದಿನ ಚಕ್ರಕ್ಕೆ ಕೊಟ್ಟರೆ ಸಾಕು, ಒಂದೇ ಒಂದು. ಕೋಲಿನ ತುದಿಯಿಂದ ಮೀಟಿ ಮೀಟಿ ಒಂದನ್ನು ಉರುಳಿಸಿದ. ಬಾಗಿ ಎತ್ತಲು ಇನ್ನೊಂದು ಕೈ ಇರಲಿಲ್ಲ. ಕೋಲಿನಿಂದಲೇ ತಳ್ಳಿದ. ಗೇಣು ತಳ್ಳಿದರೆ ಇಟ್ಟಿಗೆ ಅಡ್ಡ ತಿರುಗುತ್ತಿತ್ತು. ಮತ್ತೆ ನೆಟ್ಟಗೆ ಮಾಡಿ ಮತ್ತೆ ತಳ್ಳಬೇಕು. ಕಾರಿನಡಿಯಿಂದ ಅಳಿಯನ ಗೊಣಗಾಟ ಕೇಳಿಸುತ್ತಿತ್ತು: “ಬಾರಪ್ಪ, ಬಾ, ತಿರುಗು ಮಾರಾಯ...”

ಅರ್ಧ ದಾರಿಯಲ್ಲಿ ಬಲಗಾಲು ತೊಡರಿ ಮೇಸ್ತ್ರಿ ಮುಖ ಅಡಿಯಾಗಿ ಬಿದ್ದ. ತಲೆಯೆತ್ತಿದಾಗ ಇಟ್ಟಿಗೆ ಕೈಗೆಟುಕುವ ದೂರದಲ್ಲಿತ್ತು. ಚಕ್ರ ಮಾತ್ರ ಇನ್ನೂ ಎರಡು ಮಾರು ದೂರ.

ಅಳಿಯ ಮತ್ತೊಮ್ಮೆ ಸ್ಪ್ಯಾನರ್ ಎಳೆದ. ಕಾರು ಹಿಂದಕ್ಕೆ ಸ್ವಲ್ಪವೇ ಸ್ವಲ್ಪ ಸರಿಯಿತು. ಜಾಕ್ ಓರೆಯಾಗಿ ಹಾರಿ ಬಿತ್ತು.

ಕೂಗು ಕೇಳಿ ಮಗಳು ಸೋಪಿನ ಕೈಯಲ್ಲೇ ಓಡಿ ಬಂದಳು. ಚಕ್ರ ಗಂಡನ ಬಲಗೈಯ ಮೇಲೆ ಇಳಿದಿತ್ತು. ಅಪ್ಪ ಅಂಗಳದಲ್ಲಿ ಬೋರಲು ಬಿದ್ದಿದ್ದ.

“ಏನಾಯ್ತು? ಏನಾಯ್ತಪ್ಪ?”

“ಆಯ್ತು, ಆಯ್ತು, ಆಯ್ತು...”

ಅವಳು ಬಂಪರಿಗೆ ಎರಡೂ ಕೈ ಕೊಟ್ಟು ಎತ್ತಿದಳು. ಕಾರು ಕದಲುವುದುಂಟೇ? ಮೇಸ್ತ್ರಿ ಬಿದ್ದಲ್ಲಿಂದಲೇ ಜಾಕ್ ಕಡೆ, ಗೋಡೆಗೆ ಒರಗಿಸಿದ್ದ ಹಲಗೆಯ ಕಡೆ ಬೆರಳು ಮಾಡಿದ. ಹಲಗೆ ಹಾಕಿ, ಅದರ ಮೇಲೆ ಜಾಕ್ ಇಟ್ಟು ತಿರುಗಿಸು ಎಂದು ಅವನ ಒಳಗೆ ಅರಚಾಟ ನಡೆದಿತ್ತು. ಇಷ್ಟು ಸುಲಭದ ಮಾತು, ಯಾವ ಗ್ಯಾರೇಜಿನಲ್ಲಿ ಕೇಳಿದರೂ ಹೇಳುತ್ತಾರೆ.

“ಅಪ್ಪಾ, ಸುಮ್ನಿರು! ದಮ್ಮಯ್ಯ ಸುಮ್ನಿರು!” ಎಂದು ಕಿರುಚಿ ಅವಳು ಬೀದಿಗೆ ಓಡಿದಳು.

ಆರು ಜನ ಸೇರಿ ಬಂಪರ್ ಎತ್ತಿದರು. ಏಳನೆಯವನು ಅಳಿಯನನ್ನು ಎಳೆದುಕೊಂಡ. ಮೇಸ್ತ್ರಿಯನ್ನು ಎಬ್ಬಿಸಿ ಕೂರಿಸಬೇಕೆಂದು ಯಾರಿಗೋ ನೆನಪಾದದ್ದು ಆಂಬುಲೆನ್ಸ್ ಹೋದ ಮೇಲೆ.

ಎರಡು ಬೆರಳು ಹೋದವು. ಮಣಿಕಟ್ಟಿಗೆ ಕಂಬಿ ಹಾಕಿದರು. ಹನ್ನೆರಡನೆಯ ದಿನ ಅಳಿಯ ಮನೆಗೆ ಬಂದ. ಮಾವನ ಎದುರು ಕೂತು, “ನನ್ನದೇ ಅವಸರ ಮಾವ,” ಎಂದಷ್ಟೇ ಹೇಳಿದ. ಮಗಳಿಗೆ ಅಷ್ಟು ತಾಳ್ಮೆ ಉಳಿದಿರಲಿಲ್ಲ. ಬೆಳಿಗ್ಗೆ ಎದ್ದರೆ ಇಬ್ಬರು ಗಂಡಸರ ಅಂಗಿಯ ಗುಂಡಿ ಹಾಕಬೇಕು, ಇಬ್ಬರಿಗೂ ಅನ್ನ ಕಲಸಿ ಕೊಡಬೇಕು. ಒಂದು ದಿನ ಅಪ್ಪನ ಗುಂಡಿ ಹಾಕುತ್ತ ಹಾಕುತ್ತ ಅವಳ ಬಾಯಿಂದ ಬಂದೇಬಿಟ್ಟಿತು:

“ಎದುರಿಗೇ ಕೂತಿದ್ದೆಯಲ್ಲಪ್ಪ. ಜನ್ಮವೆಲ್ಲ ಇದೇ ಕೆಲಸ ಮಾಡಿದವನು. ಅವರು ಸರಿನಾ ಅಂತ ಕೇಳಿದಾಗ ಆಯ್ತು ಅಂದೆಯಂತೆ. ಹಾಗನ್ನೋ ಬದಲು ಸುಮ್ಮನಿದ್ದಿದ್ರೂ ಆಗ್ತಿತ್ತು.”

ಮೇಸ್ತ್ರಿಯ ಕಣ್ಣಲ್ಲಿ ನೀರು ಬಂತು. ಕಾಯಿಲೆಯಾದ ಮೇಲೆ ಅವನಿಗೆ ಸುಮ್ಮಸುಮ್ಮನೆಯೂ ನೀರು ಬರುತ್ತಿತ್ತು. ಅವಳು ಒರೆಸಿ ಹೋದಳು.

ಅದೇ ವಾರ ಕಾರನ್ನು ತೆಗೆದುಕೊಂಡು ಹೋಗಲು ಉದ್ದಣ್ಣ ಬಂದ. ಮೇಸ್ತ್ರಿಯ ಹಳೆಯ ಶಿಷ್ಯ. ಈಗ ನಲವತ್ತೈದು ದಾಟಿದ್ದಾನೆ, ಮುಖ್ಯರಸ್ತೆಯಲ್ಲಿ ಅವನದೇ ಗ್ಯಾರೇಜಿದೆ. ಅಳಿಯ ನಡೆದದ್ದನ್ನೆಲ್ಲ ಹೇಳಿದ. ಉದ್ದಣ್ಣ ಸೊಟ್ಟಗಾದ ಜಾಕನ್ನೂ ಅಂಗಳದ ಇಳಿಜಾರನ್ನೂ ನೋಡಿ ತಲೆ ಕೊಡವಿದ.

“ಮೇಸ್ತ್ರಿ ಇದಕ್ಕೆ ಆಯ್ತು ಅಂದ್ರಾ? ಸಾಧ್ಯವೇ ಇಲ್ಲ ಸಾರ್. ಜಾಕ್ ಪಕ್ಕ ಆಸರೆಗೆ ಸ್ಟ್ಯಾಂಡ್ ಇಡದೆ ಒಂದು ವ್ಯಾನಿನಡಿ ಹೋದೆ ಅಂತ ನನ್ನನ್ನ ಒಂದು ವಾರ ಗ್ಯಾರೇಜಿಗೇ ಸೇರಿಸಿರಲಿಲ್ಲ ಇವರು. ನಮ್ಮಮ್ಮನ್ನ ಕರೆಸಿ, ‘ನಿಮ್ಮ ಮಗನ್ನ ಹೊತ್ಕೊಂಡು ಬಂದು ನಿಮ್ಮ ಬಾಗಿಲಲ್ಲಿ ಇಳಿಸೋಕೆ ನನ್ನ ಕೈಲಿ ಆಗಲ್ಲ’ ಅಂದಿದ್ರು. ಅವತ್ತು ಇವರು ನಿಮ್ಮನ್ನ ಬೈತಿದ್ರು ಸಾರ್. ಬಾಯಿಗೆ ಬಂದ ಹಾಗೆ ಬೈತಿದ್ರು.”

ಅಳಿಯ ಅಂಗಳದ ನಡುವೆ ಇನ್ನೂ ಬಿದ್ದಿದ್ದ ಒಂಟಿ ಇಟ್ಟಿಗೆಯನ್ನು, ಪಾತಿಯಿಂದ ಅಲ್ಲಿಯವರೆಗೆ ಮಣ್ಣಿನಲ್ಲಿ ಉಳಿದಿದ್ದ ಗೀರನ್ನು ನೋಡುತ್ತ ನಿಂತ. ಮಾವ ಹೆದರಿ ಒಳಗೆ ಓಡಲು ಹೋಗಿ ಬಿದ್ದರೆಂದು ಎಲ್ಲರೂ ಅಂದುಕೊಂಡಿದ್ದರು. ಮನೆಯ ಬಾಗಿಲು ಆ ಕಡೆ ಇರಲೇ ಇಲ್ಲ.

ಮಗಳು ಚಹಾ ತಂದವಳು ಹೊಸಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಉದ್ದಣ್ಣ ಕಾರನ್ನು ಎಳೆಸಿಕೊಂಡು ಹೋದ ಮೇಲೆ ಬಂದು ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

“ಅಪ್ಪ, ನಾನು ಅವತ್ತು ಅಂದಿದ್ದು...” ಎಂದಳು.

ನಿನ್ನ ತಪ್ಪೇನಿದೆ ಮಗಳೇ, ನಿನಗೆ ಹೇಗೆ ಗೊತ್ತಾಗಬೇಕಿತ್ತು ಎಂಬುದು ಮೇಸ್ತ್ರಿಯ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಬಾಯಿ ತೆರೆದರೆ ಹೊರಗೆ ಬೀಳುವುದು ಏನೆಂದು ಅವನಿಗೆ ಗೊತ್ತಿತ್ತು. ತುಟಿ ಬಿಗಿದುಕೊಂಡು ಕೂತ. ಅವಳು ಅಪ್ಪನ ಮುಖವನ್ನೇ ನೋಡುತ್ತ ಬಹಳ ಹೊತ್ತು ಕಾದಳು. ಅಪ್ಪನಿಗೆ ಇನ್ನೂ ಸಿಟ್ಟಿದೆ ಎಂದುಕೊಂಡಳೋ ಏನೋ. ಗಂಡನ ಕೈಯ ಪಟ್ಟಿ ಬದಲಾಯಿಸುವ ಹೊತ್ತಾಗಿತ್ತು, ಎದ್ದು ಒಳಗೆ ಹೋದಳು.