ಮೊದಲ ತಂಬಿಗೆ

ಕಾವೇರಿ ಬಾಯಿ ತೆರೆದರೆ ಎದುರಿಗಿದ್ದವರು ಜಟ್ಟೆಮ್ಮನ ಮುಖ ನೋಡುತ್ತಿದ್ದರು. ಹುಟ್ಟುವಾಗ ಉಸಿರು ಕಟ್ಟಿ ಕೈಕಾಲು ಸೆಟೆದ ಹುಡುಗಿ; ಮಾತೂ ಹಾಗೇ, ಆಳದ ಬಾವಿಯಿಂದ ಕೊಡ ಸೇದಿದಂತೆ ತುಳುಕುತ್ತ, ತಡವರಿಸುತ್ತ ಮೇಲೆ ಬರುತ್ತಿತ್ತು. ಅಷ್ಟು ಹೊತ್ತು ಕಾಯುವ ಪುರುಸೊತ್ತು ಯಾರಿಗಿದೆ? ಡಾಕ್ಟರಾಗಲಿ, ಬಸ್ಸಿನ ಕಂಡಕ್ಟರಾಗಲಿ, ತಾಯಿಯ ಕಡೆ ತಿರುಗಿ "ಏನಂತಾಳೆ?" ಅನ್ನುವವರೇ. ಜಟ್ಟೆಮ್ಮನೂ ಮಗಳ ಮಾತು ಅರ್ಧಕ್ಕೆ ಬರುವ ಮೊದಲೇ ಉಳಿದರ್ಧ ಮುಗಿಸಿಬಿಡುತ್ತಿದ್ದಳು. ಮಗಳಿಗೆ ಇಪ್ಪತ್ತನಾಲ್ಕು ತುಂಬುವವರೆಗೂ ಹಾಗೇ ನಡೆಯಿತು.

ಕೆ.ಆರ್. ಪುರದ ಬಾಡಿಗೆ ಕೋಣೆ ಮಹಡಿಯ ಮೇಲಿತ್ತು. ಬೆಳಿಗ್ಗೆ ಮಗಳನ್ನು ಬೆನ್ನ ಮೇಲೆ ಹೊತ್ತು ಇಳಿಸಿ, ಹಲಸೂರಿನ ತರಬೇತಿ ಕೇಂದ್ರಕ್ಕೆ ಬಿಟ್ಟು, ದೊಮ್ಮಲೂರಿನ ಆಫೀಸೊಂದರಲ್ಲಿ ಕಸ ಗುಡಿಸಿ ನೆಲ ಒರೆಸಿ, ಸಂಜೆ ಮತ್ತೆ ಹೊತ್ತು ಏರಬೇಕು. ಆ ವರ್ಷ ಶ್ರಾವಣದಲ್ಲಿ ಅರ್ಧ ಮೆಟ್ಟಿಲಲ್ಲಿ ಸೊಂಟ ಹಿಡಿದುಕೊಂಡಿತು. ತಾಯಿ ಮಗಳಿಬ್ಬರೂ ಅಲ್ಲೇ ಕೂತು, ಹಾಲಿನವನು ಬಂದು ಎತ್ತಿದ ಮೇಲೇ ಎದ್ದದ್ದು. "ಇನ್ನು ಎತ್ತಿದ್ರೆ ನಿಮ್ಮನ್ನೇ ಎತ್ತೋರು ಬೇಕಾಗ್ತಾರೆ," ಅಂದರು ಡಾಕ್ಟರು. ರಾತ್ರಿ ಕಾವಲಿನ ಕೆಲಸದ ಗಂಡ ಚಂದ್ರಾಮಪ್ಪ ಕಣ್ಣುಜ್ಜಿಕೊಳ್ಳುತ್ತ, "ನೀವಿಬ್ಬರು ಕೂಡಿ ಏನರೆ ನೋಡ್ರಿ, ನಾ ಹೂಂ ಅಂತೀನಿ," ಅಂದ.

ಜಟ್ಟೆಮ್ಮ ನೋಡಿದ್ದು ಬೆನ್ಸನ್ ಟೌನಿನ ವಸತಿ ಮನೆ. ಗಾಲಿಕುರ್ಚಿ ಸಲೀಸಾಗಿ ಹತ್ತುವ ಇಳಿಜಾರು, ಮಂಚದ ಪಕ್ಕ ಕರೆಗಂಟೆ, ರಾತ್ರಿಗೂ ಆಯಾ, ಎತ್ತರದ ಗೇಟು. ಕೆಟ್ಟ ಜಾಗ ಅನ್ನುವ ಹಾಗಿರಲಿಲ್ಲ. ಊಟ, ಸ್ನಾನ, ನಿದ್ದೆ ಎಲ್ಲಕ್ಕೂ ಅವರದೇ ಹೊತ್ತು, ಅಷ್ಟೆ. ನೋಡಿಕೊಳ್ಳುವ ಜಯಮಾಲಾ ಮೇಡಂ ಬಗ್ಗಿ ಕಾವೇರಿಯನ್ನೇ ಕೇಳಿದರು, "ಇಷ್ಟ ಆಯ್ತಾಮ್ಮ?"

ಕಾವೇರಿಯ ಕತ್ತು ಒಂದು ಕಡೆ ವಾಲಿತು, ತುಟಿ ಅಲುಗಿತು.

"ಆಗ್ಯಾದರೀ ಮೇಡಂ, ಭಾಳ ಆಗ್ಯಾದ," ಅಂದಳು ಜಟ್ಟೆಮ್ಮ.

ಆಟೊ ಕಂಟೋನ್ಮೆಂಟ್ ದಾಟಿದ ಮೇಲೆ ಕಾವೇರಿಯ ಮಾತು ಮುಗಿಯಿತು. "ನಾನು... ಇಲ್ಲ... ಅಂತ... ಹೇಳ್ತಿದ್ದೆ."

ಅವಳ ಲೆಕ್ಕವೇ ಬೇರೆ ಇತ್ತು. ಕೇಂದ್ರದಲ್ಲಿ ಜೊತೆಗಿದ್ದ ಉಮ್ಮೆ ಕುಲ್ಸುಂ, ಪೋಲಿಯೋ ಆದ ಕಾಲಿಗೆ ಊರುಗೋಲು ಹಿಡಿದು ನಡೆಯುವವಳು, ಹಲಸೂರಿನ ಒಂದು ಗಲ್ಲಿಯಲ್ಲಿ ನೆಲಮಟ್ಟದ ಕೋಣೆ ಹಿಡಿದಿದ್ದಳು. ಅಲ್ಲಿ ಇಬ್ಬರೂ ಜೊತೆಗಿದ್ದು, ಅವಳು ರವಿಕೆ ಹೊಲಿಯುವುದು, ಕಾವೇರಿ ಬಟ್ಟೆಗೆ ಒಪ್ಪುವ ದಾರದ ಬಣ್ಣ ಆರಿಸುವುದು. ಗಾಲಿಕುರ್ಚಿಗೆ ಅಡ್ಡವಾದ ಹೊಸ್ತಿಲು ಕೀಳಿಸಲು ಮನೆಯ ಮಾಲೀಕ ಮುನಿರಾಜಪ್ಪ ಒಪ್ಪಿರಲಿಲ್ಲ. ಲಕ್ಷ್ಮಿ ಇರೋ ಜಾಗ ಅಂದಿದ್ದ. ಆದರೆ ಅದರ ಮೇಲೆ ಹಲಗೆ ಇಳಿಜಾರಾಗಿ ಹೊಂದಿಸಲು ತಾನೇ ಬಡಗಿಯನ್ನು ಕರೆಸಿದ್ದ.

"ಜಳಕ ಯಾರ್ ಮಾಡಸ್ತಾರ? ರಾತ್ರಿ ಏನರೆ ಆದ್ರ?" ಅಂದಳು ಕೋಣೆ ನೋಡಲು ಬಂದ ಜಟ್ಟೆಮ್ಮ.

"ಅಯ್ಯಮ್ಮ ಅಂತ ಒಬ್ಬಳನ್ನ ಗೊತ್ತು ಮಾಡಿದೀವಿ, ಬೆಳಿಗ್ಗೆ ಬರ್ತಾಳೆ, ಸಂಜೆ ಬರ್ತಾಳೆ. ರಾತ್ರಿ ನಾನಿಲ್ವಾ ಅಮ್ಮಾ?" ಉಮ್ಮೆ ಕುಲ್ಸುಂ ನಕ್ಕಳು. "ಪೋಲಿಯೋ ಆಗಿರೋದು ಕಾಲಿಗೆ, ಬಾಯಿಗಲ್ಲ. ನಾನು ಕೂಗಿದ್ರೆ ಕೆರೆ ಆಚೆ ಮಲಗಿರೋರೂ ಎದ್ದು ಬರ್ತಾರೆ."

"ನಿನ್ನ ಬಾಯಿ ನನಗ ಗೊತ್ತದ ಬಿಡು. ಈಕಿ ಮಾತು ಆ ಹೆಣ್ಮಗಳಿಗಿ ತಿಳಿತದೇನು? ಹೊಟ್ಟಿ ನೋವಂದ್ರ ಅನ್ನ ಹಾಕ್ಯಾಳು!" ಆಮೇಲೆ ಅವಳೇ ಷರತ್ತು ಹಾಕಿದಳು. "ಐತವಾರ ಬರ್ತೀನಿ. ಅಯ್ಯಮ್ಮ ಜಳಕ ಮಾಡಸ್ಲಿ, ನಾ ಹೊರಗ ಕುಂಡ್ರತೀನಿ. ಆಕಿ ಹೊರಗ ಬಂದು ‘ಏನಂತಾಳ’ ಅಂತ ಒಮ್ಮಿ ನನ್ನ ಕೇಳಿದ್ಲಂದ್ರೂ ಬೆನ್ಸನ್ ಟೌನ್. ಏನಂತಿ?"

"ಆಯ್ತು," ಅಂದಳು ಕಾವೇರಿ. ಇದೊಂದು ಮಾತು ಮಾತ್ರ ತಡವರಿಸದೆ ಬಂತು.

ಭಾನುವಾರ ಅಯ್ಯಮ್ಮ ಸೆರಗು ಸಿಕ್ಕಿಸಿಕೊಂಡು, ಕಾವೇರಿಯನ್ನು ಬಚ್ಚಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡಿಕೊಂಡಳು. ಹತ್ತಾರು ಮನೆಗಳಲ್ಲಿ ಬಾಣಂತಿಯರಿಗೆ ಎರೆದ ಗಟ್ಟಿ ಹೆಂಗಸು. ಜಟ್ಟೆಮ್ಮ ಹೊರಗೆ ಗೋಡೆಗೆ ಒರಗಿ ಕೂತಳು. ಉಮ್ಮೆ ಕುಲ್ಸುಂ ಕೈಯಿಂದ ಹೊಲಿಗೆ ಯಂತ್ರ ತಿರುಗಿಸುತ್ತಿದ್ದಳು.

ಒಳಗೆ ಕಾವೇರಿ ಏನೋ ಅಂದಳು.

"ನೀರು ಬಿಸಿನಾ ಕಂದಾ? ಇಲ್ವಾ? ಸೋಪ್ ಬೇಕಾ? ಅದೂ ಅಲ್ವಾ?"

ಕಾವೇರಿ ಮತ್ತೆ ಅಂದಳು. ಜಟ್ಟೆಮ್ಮನಿಗೆ ಮೊದಲ ಸಲವೇ ತಿಳಿದಿತ್ತು: ಮೊದಲು ಕಾಲಿಗೆ ಹಾಕು, ತಲೆಗೆ ಬೇಡ. ತಿಳಿದದ್ದೇ ಅವಳು ನೆಟ್ಟಗೆ ಕೂತಳು. ಮೊದಲ ತಂಬಿಗೆ ನೆತ್ತಿಗೆ ಸುರಿಯುವುದು ಜಟ್ಟೆಮ್ಮನಿಗೆ ಅವಳ ಅವ್ವ ಕಲಿಸಿದ ರೀತಿ. ನೀರು ಬಿದ್ದ ಕೂಡಲೇ ಕಾವೇರಿಯ ಮೈ ಹಲಗೆಯಂತೆ ಸೆಟೆದು ಹಿಮ್ಮಡಿ ಗೋಡೆಗೆ ಬಡಿಯುತ್ತಿತ್ತು. ಅದು ಬೇನೆಯ ಗುಣ ಅಂದುಕೊಂಡು, ಭುಜ ಅದುಮಿ ಹಿಡಿದು ಎರಡನೆಯದನ್ನೂ ಸುರಿಯುತ್ತಿದ್ದಳು. ಹುಡುಗಿ ಆಗಲೂ ಇದನ್ನೇ ಹೇಳಲು ಹೊರಟಿದ್ದಳೋ ಏನೋ. "ನೀರು ಸುಡ್ತದ ಅಂತಿ, ಹೌದಿಲ್ಲ?" ಅಂತ ತಾನೇ ಮುಗಿಸಿದ್ದಿರಬೇಕು.

ಬಾಗಿಲು ಕಿರುಗುಟ್ಟಿತು. ಒದ್ದೆ ಕೈಯ ಅಯ್ಯಮ್ಮ ಇಣುಕಿದಳು. "ಅಮ್ಮಾ, ಪಾಪ ಏನೋ ಹೇಳ್ತೈತೆ, ನಂಗೆ ಗೊತ್ತಾಗ್ಲಿಲ್ಲ. ಏನಂತೆ?"

ಹೊಲಿಗೆ ಯಂತ್ರ ನಿಂತಿತು.

ಷರತ್ತು ಗೆದ್ದಾಗಿತ್ತು. ಆ ಎತ್ತರದ ಗೇಟು, ರಾತ್ರಿಯ ಆಯಾ, ತನ್ನ ಸೊಂಟಕ್ಕೂ ಮನಸ್ಸಿಗೂ ಬಿಡುವು, ಎಲ್ಲ ಒಂದು ಮಾತಿನಷ್ಟು ದೂರದಲ್ಲಿತ್ತು. ಆ ಮಾತೂ ನಾಲಿಗೆಯ ತುದಿಯಲ್ಲೇ ಇತ್ತು.

"ನನಗೂ ತಿಳೀಲಿಲ್ಲ," ಅಂದಳು ಜಟ್ಟೆಮ್ಮ. "ಆಕಿನ್ನೇ ಕೇಳು. ಅದು ಇದು ಅಂತ ನಡುವ ಬಾಯಿ ಹಾಕಬ್ಯಾಡ, ಮುಗಸತನಕ ತಡಿ."

ಅಯ್ಯಮ್ಮ ಒಳಗೆ ಹೋದಳು.

"ಅಮ್ಮಾ, ಸುಳ್ಳು ಹೇಳಕ್ಕೆ ನಿಮಗೆ ಸ್ವಲ್ಪನೂ ಬರಲ್ಲ," ಅಂದಳು ಉಮ್ಮೆ ಕುಲ್ಸುಂ.

"ನೀ ನಿನ್ನ ಹೊಲಿಗಿ ನೋಡ್ಕೋ."

ಒಳಗಿನಿಂದ ಕಾವೇರಿಯ ದನಿ ಬಂತು, ತಡೆಯಿತು, ಮತ್ತೆ ಬಂತು. ಜಟ್ಟೆಮ್ಮ ಸೆರಗಿನ ತುದಿ ಕಚ್ಚಿಕೊಂಡಳು. ಕೊನೆಗೆ ಅಯ್ಯಮ್ಮ ಕೂಗಿದಳು, "ಓ, ಕಾಲಿಗೆ ಮೊದಲಾ? ಅಷ್ಟೇನಾ! ಮೊದ್ಲೇ ಹೇಳ್ಬಾರ್ದಾ?"

"ಹೇ... ಳಿ... ದೆ," ಅಂದಳು ಕಾವೇರಿ. ಇಬ್ಬರೂ ನಗುವುದು ಕೇಳಿಸಿತು. ನೀರು ಬಿತ್ತು, ಹಿಮ್ಮಡಿ ಗೋಡೆಗೆ ಬಡಿಯಲಿಲ್ಲ.

ಜಟ್ಟೆಮ್ಮ ಕಣ್ಣೊರೆಸಿಕೊಂಡು ಎದ್ದಳು. "ಮುನಿರಾಜಪ್ಪಗ ಹೇಳಬೇಕು. ಬಚ್ಚಲದಾಗ ಹಿಡಕೊಳ್ಳಾಕ ಒಂದು ಕಬ್ಬಿಣದ ಸರಳು ಹಾಕಸ್ಬೇಕು."

"ಎಷ್ಟು ಎತ್ತರಕ್ಕೆ?"

ಅಳತೆ ತೋರಿಸಲು ಜಟ್ಟೆಮ್ಮನ ಕೈ ಮೇಲೆದ್ದಿತ್ತು. ಅದನ್ನು ಇಳಿಸಿ, "ತಡಿ, ಆಕಿ ಹೊರಗ ಬರಲಿ," ಅಂದಳು.